ಅಂದಾನಪ್ಪನ ಮೂವತ್ಮೂರನೆಯ ನಡೆ

ನಾನು ಒಂದು ಹಲಗೆ. ಚದುರಂಗದ ಹಲಗೆಯೇ, ಆದರೆ ಮೇಜಿನ ಮೇಲೆ ಮಲಗಿ ಆಡಿಸಿಕೊಳ್ಳುವ ಜಾತಿಯಲ್ಲ. ಗೋಡೆಗೆ ನೇತುಬಿದ್ದು, ಬೇರೆಯವರು ಆಡಿದ ಆಟವನ್ನು ಹತ್ತು ಜನರಿಗೆ ತೋರಿಸುವ ಜಾತಿ. ನಾಲ್ಕು ಅಡಿ ಎತ್ತರ, ನಾಲ್ಕು ಅಡಿ ಅಗಲ. ಮೈಮೇಲೆ ಅರವತ್ತನಾಲ್ಕು ಮನೆ, ಮನೆಗೊಂದು ಮೊಳೆ. ತಗಡಿನ ಕಾಯಿಗಳನ್ನು ಆ ಮೊಳೆಗಳಿಗೆ ಸಿಕ್ಕಿಸುತ್ತಿದ್ದರು. ನನ್ನ ಮಾತು ಸ್ವಲ್ಪ ಚುಚ್ಚುತ್ತದೆ ಎಂದು ನಿಮಗೆ ಅನಿಸಿದರೆ, ಅರವತ್ತನಾಲ್ಕು ಮೊಳೆ ಹೊಡೆಸಿಕೊಂಡು ನೋಡಿ, ಆಮೇಲೆ ಮಾತಾಡೋಣ.

ನಾನು ಹುಟ್ಟಿದ್ದು ಬೆಟಗೇರಿಯ ಮೌನೇಶ ಬಡಿಗೇರನ ಅಂಗಡಿಯಲ್ಲಿ. ಯಾರದೋ ಮಗ್ಗಕ್ಕೆಂದು ತಂದ ಸಾಗವಾನಿಯಲ್ಲಿ ಉಳಿದ ತುಂಡುಗಳನ್ನು ಜೋಡಿಸಿ ನನ್ನನ್ನು ಮಾಡಿದರು. ಮೌನೇಶನಿಗೆ ಚದುರಂಗದ ಗಂಧಗಾಳಿ ಇರಲಿಲ್ಲ. ರಂಧಾ ಹೊಡೆದು ಮರ ನಯ ಮಾಡುತ್ತಾ, "ಇಷ್ಟ ದೊಡ್ಡ ಹಲಗಿ ಯಾರ ತೊಡಿ ಮ್ಯಾಲ ಇಟ್ಕೊಂಡ ಆಡ್ತೀರಪಾ?" ಎಂದು ಕೇಳಿದ. ಎದುರಿಗೆ ನಿಂತಿದ್ದ ಇಬ್ಬರು ಗೆಳೆಯರು ಬಿದ್ದು ಬಿದ್ದು ನಕ್ಕರು. ಆ ಇಬ್ಬರೇ ನನ್ನ ಮಾಲೀಕರು. ನನ್ನ ಕಥೆ ಎಂದರೆ ಆ ಇಬ್ಬರ ಕಥೆ.

ಒಬ್ಬ ಅಂದಾನಪ್ಪ ಹೊಂಬಳ. ಗದಗಿನ ಒಂದು ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸ. ಅವನು ಎನ್ನುತ್ತೇನೆ, ಸಿಟ್ಟಾಗಬೇಡಿ. ಇಷ್ಟು ವರ್ಷ ಎದೆಗೆ ಎದೆ ಕೊಟ್ಟು ನಿಂತವನನ್ನು ಬಹುವಚನದಲ್ಲಿ ಕರೆಯಲು ನನಗೆ ಬರುವುದಿಲ್ಲ. ಸಣ್ಣ ಆಳು, ಬೆರಳ ತುದಿ ಸದಾ ಮಸಿ. ಸೀಸದ ಅಕ್ಷರಗಳನ್ನು ತಲೆಕೆಳಗಾಗಿಯೇ ಸರಾಗವಾಗಿ ಓದುವ ಕಣ್ಣು ಅವನದು. ಅವನು ಜೋಡಿಸಿದ ಪುಟಕ್ಕೆ ಎರಡನೇ ಸಲ ಕರಡು ತೆಗೆಯುವ ಪದ್ಧತಿಯೇ ಆ ಮುದ್ರಣಾಲಯದಲ್ಲಿ ಇರಲಿಲ್ಲವಂತೆ. "ಅಂದಾನಪ್ಪ ನೋಡ್ಯಾನಿಲ್ಲೋ? ಮುಗೀತು, ಮಷೀನಿಗೆ ಹಾಕ್ರಿ" ಎನ್ನುತ್ತಿದ್ದರಂತೆ ಅಲ್ಲಿಯ ಯಜಮಾನರು. ಈ ಮಾತನ್ನು ಅವನು ಹತ್ತು ಸಲ ಹೇಳಿಕೊಂಡಿದ್ದಾನೆ. ಬೇರೆ ಜಂಬ ಅವನಿಗೆ ಇರಲಿಲ್ಲ, ಕಣ್ಣಿನ ಜಂಬ ಒಂದು ಇತ್ತು.

ಇನ್ನೊಬ್ಬ ಗಣಪತಸಾ ಪವಾರ. ದರ್ಜಿ. ಅಂದಾನಪ್ಪನಿಗಿಂತ ಒಂದೂವರೆ ಅಡಿ ಎತ್ತರ, ಮಾತು ಅದಕ್ಕಿಂತ ಉದ್ದ. ಅವನ ಹೊಲಿಗೆ ಅಂಗಡಿಯ ಅಟ್ಟದ ಮೇಲೇ ಊರಿನ ಚದುರಂಗ ಮಂಡಳಿ ಇತ್ತು. ಚದುರಂಗದಲ್ಲಿ ಗಣಪತಸಾ ಅಷ್ಟಕ್ಕಷ್ಟೇ. ಎದುರಾಳಿಯ ರಾಜ ಕಂಡರೆ ಸಾಕು, ಹಿಂದುಮುಂದು ನೋಡದೆ ಶಹ ಕೊಡುವವನು. "ನಿನಗ ಬಟ್ಟಿ ಕಂಡ್ರ ಕತ್ರಿ, ರಾಜ ಕಂಡ್ರ ಶಹ" ಎಂದು ಅಂದಾನಪ್ಪ ಅವನನ್ನು ಕಾಡುತ್ತಿದ್ದ. ಆದರೆ ಕೈ ಎತ್ತಿದರೆ ನನ್ನ ಮೇಲಿನ ಸಾಲಿನ ಮೊಳೆ ಅವನಿಗೆ ಮಾತ್ರ ಸಲೀಸಾಗಿ ಸಿಗುತ್ತಿತ್ತು. ಅದಕ್ಕೇ ಕಾಯಿ ಸಿಕ್ಕಿಸುವ ಕೆಲಸ ಅವನದಾಯಿತು.

ನನಗೆ ಬಣ್ಣ ಹಚ್ಚಿದ್ದು ಗಣಪತಸಾ. ಎಣ್ಣೆ ಡಬ್ಬಿಯ ತಗಡನ್ನು ಕತ್ತರಿಸಿ ರಾಜ, ಮಂತ್ರಿ, ಆನೆ, ಒಂಟೆ, ಕುದುರೆ, ಪ್ಯಾದೆಗಳನ್ನು ಮಾಡಿದ್ದು ಅಂದಾನಪ್ಪ. ಅಂಚಿನಲ್ಲಿ ಎ ಯಿಂದ ಎಚ್ ತನಕ, ಒಂದರಿಂದ ಎಂಟರ ತನಕ ಮರದ ಅಚ್ಚುಗಳಿಂದ ಒತ್ತಿದ್ದೂ ಅವನೇ. ಹೀಗೆ ನನ್ನ ಒಂದೊಂದು ಮನೆಗೂ ಹೆಸರು ಬಂತು.

ಮಂಡಳಿಯಲ್ಲಿ ಒಂದು ರೂಢಿ ಇತ್ತು. ಭಾನುವಾರ ಬೆಳಿಗ್ಗೆ ಯಾರೂ ಆಡುವಂತಿಲ್ಲ. ಅವತ್ತು ಬರೀ ನೋಡುವುದು. ಯಾವುದೋ ದೇಶದಲ್ಲಿ ಯಾರೋ ಗ್ರಾಂಡ್‌ಮಾಸ್ಟರ್ ಆಡಿದ ಆಟವನ್ನು ಅಂದಾನಪ್ಪ ಪತ್ರಿಕೆಯಿಂದ ಬರೆದುಕೊಂಡು ತರುತ್ತಿದ್ದ. ಒಂದು ನಡೆ ಓದುವ ಮೊದಲು ಚಾಪೆಯ ಮೇಲೆ ಕೂತ ಒಬ್ಬೊಬ್ಬರೂ, "ನಾನಾಗಿದ್ದರೆ ಇದನ್ನು ಆಡುತ್ತಿದ್ದೆ" ಎಂದು ಹೇಳಲೇಬೇಕು. ಸುಮ್ಮನೆ ಕೂತವರಿಗೆ ಚಹಾ ಇಲ್ಲ. ಎಲ್ಲರೂ ಹೇಳಿದ ಮೇಲೆ ಅಂದಾನಪ್ಪ ನಿಜವಾದ ನಡೆಯನ್ನು ಓದುವನು, ಗಣಪತಸಾ ಅದನ್ನು ನನ್ನ ಮೇಲೆ ಸಿಕ್ಕಿಸುವನು. ಆಮೇಲೆ ಜಗಳ ಶುರು.

ಒಮ್ಮೆ ಹದಿನೇಳನೆಯ ನಡೆಯಲ್ಲಿ ಒಬ್ಬ ದೊಡ್ಡ ಆಟಗಾರ ತನ್ನ ಆನೆಯನ್ನು ಸುಮ್ಮನೆ ಒಂದು ಮನೆ ಪಕ್ಕಕ್ಕೆ ಸರಿಸಿದ್ದ. ಎದುರಿಗೆ ಸ್ವಂತ ಪ್ಯಾದೆ ಅಡ್ಡ ಕೂತಿದೆ, ಆನೆಗೆ ಅಲ್ಲಿ ಮಾಡಲು ಕೆಲಸವೇ ಇಲ್ಲ. "ನಿದ್ದಿಗಣ್ಣಾಗ ಆಡ್ಯಾನ" ಎಂದ ಗಣಪತಸಾ. ಎಲ್ಲರೂ ನಕ್ಕರು. ಅಂದಾನಪ್ಪ ನಗಲಿಲ್ಲ. "ದೊಡ್ಡವರ ಆಟದಾಗ ಮೊದ್ಲ ತಪ್ಪ ಹುಡುಕಬ್ಯಾಡ್ರಿ. ಅಲ್ಲೇ ಯಾಕ ಇಟ್ರು ಅಂತ ಕೇಳ್ರಿ" ಎಂದು ಹೇಳಿ, ಮುಂದಿನ ನಡೆ ಓದದೆ ಅರ್ಧ ಗಂಟೆ ನನ್ನ ಮುಂದೆ ನಿಂತ. ಆರು ನಡೆ ಕಳೆದ ಮೇಲೆ ಆ ಪ್ಯಾದೆ ಸರಿಯಿತು, ಆನೆಯ ದಾರಿ ಒಮ್ಮೆಲೇ ತೆರೆಯಿತು, ಆಟ ಅಲ್ಲಿಗೆ ಮುಗಿಯಿತು. ಅಂದಾನಪ್ಪ ಅದನ್ನು ಓದದೆಯೇ ಕಂಡುಹಿಡಿದಿದ್ದ. ನನ್ನ ಮೇಲಿನ ಕಾಯಿಗಳನ್ನು ಕಣ್ಣಿಂದಲೇ ಎತ್ತಿ ಇಡುತ್ತಿದ್ದ, ಕೈ ಬೆನ್ನ ಹಿಂದೆ ಕಟ್ಟಿಕೊಂಡು. ಆ ಹೊತ್ತಿನಲ್ಲಿ ಅವನ ಮುಖ ನೋಡುವುದು ನನಗೆ ಹಬ್ಬ.

ಇನ್ನು ಆ ದಿನದ ಮಾತಿಗೆ ಬರುತ್ತೇನೆ. ಬರಲು ಮನಸ್ಸಿಲ್ಲ, ಆದರೆ ಬರದಿದ್ದರೆ ಈ ಆತ್ಮಕಥೆಯೇ ಬೇಡ.

ಓಣಿಗೊಂದು ಟಿ.ವಿ. ಇದ್ದ ಕಾಲ. ಊರಿನ ಒಂದು ಸಭಾಭವನದಲ್ಲಿ ದೊಡ್ಡ ಪಂದ್ಯಾವಳಿ ಏರ್ಪಾಡಾಯಿತು. ಪರದೇಶದಿಂದ ನಿಜವಾದ ಗ್ರಾಂಡ್‌ಮಾಸ್ಟರ್ ಒಬ್ಬ ಬಂದಿಳಿದ. ಮೊದಲ ಸುತ್ತಿನಲ್ಲೇ ಅವನಿಗೆ ಎದುರಾಗಿ ಬಿದ್ದದ್ದು ಅಂದಾನಪ್ಪನ ಹೆಸರು. ಗಣಪತಸಾ ಆ ದಿನ ಅಂಗಡಿ ಮುಚ್ಚಿ, ನನ್ನನ್ನು ಕೈಗಾಡಿಯ ಮೇಲೆ ಹೇರಿಕೊಂಡು ಸಭಾಭವನಕ್ಕೆ ಬಂದ. ವೇದಿಕೆಯ ಮೇಲೆ ಆಟ. ಜನ ಕೂರುವ ಕಡೆಯ ಗೋಡೆಗೆ ನಾನು. ಮಂಡಳಿಯ ಕಾರ್ಯದರ್ಶಿ ಇಟಗಿ ಮಾಸ್ತರು ಮೇಜಿನ ಪಕ್ಕದಲ್ಲಿ ನಿಂತು ಒಂದೊಂದು ನಡೆಯನ್ನೂ ಚೀಟಿಯಲ್ಲಿ ಬರೆದು ತಂದು ಕೊಡಬೇಕು, ಗಣಪತಸಾ ಅದನ್ನು ನೋಡಿ ನನ್ನ ಮೇಲೆ ಕಾಯಿ ಸರಿಸಬೇಕು. ಸುಮಾರು ನೂರು ಜನ ನನ್ನನ್ನೇ ನೋಡುತ್ತಾ ಕೂತಿದ್ದರು. ಮದುವಣಗಿತ್ತಿಗೂ ಇಷ್ಟು ನಾಚಿಕೆ ಆಗಿರಲಿಕ್ಕಿಲ್ಲ.

ಅಂದಾನಪ್ಪನದು ಬಿಳಿ. ಅವನಿಗೆ ಒಂದು ಅಭ್ಯಾಸ ಇತ್ತು. ಎದುರಾಳಿ ಯೋಚಿಸುವಾಗ ಅವನು ಮೇಜಿನ ಮುಂದೆ ಕೂರುತ್ತಿರಲಿಲ್ಲ. ದಿನವಿಡೀ ನಿಂತೇ ಕೆಲಸ ಮಾಡುವವನಿಗೆ ಕೂತರೆ ತಲೆ ಓಡುತ್ತಿರಲಿಲ್ಲ. ಎದ್ದು ಬಂದು ಕೈ ಹಿಂದೆ ಕಟ್ಟಿಕೊಂಡು ನನ್ನ ಮುಂದೆ ನಿಲ್ಲುವನು. ಭಾನುವಾರದ ಹಾಗೆಯೇ. ಎದುರಾಳಿಯ ನಡೆ ನನ್ನ ಮೇಲೆ ಬಂದದ್ದನ್ನು ನೋಡಿ, ಇಲ್ಲೇ ಯೋಚಿಸಿ, ಹೋಗಿ ಆಡಿ ಬರುವನು. ದೊಡ್ಡ ಆಟಗಾರರೂ ಹಾಗೆ ಗೋಡೆಯ ಹಲಗೆಯನ್ನು ನೋಡುತ್ತಾರೆ, ಅದರಲ್ಲಿ ತಪ್ಪಿಲ್ಲ.

ಆ ಆಟ ನನಗೆ ಬಾಯಿಪಾಠ. ಹನ್ನೊಂದನೆಯ ನಡೆಗೆ ಇಬ್ಬರ ರಾಜರೂ ಕೋಟೆ ಸೇರಿದರು. ಇಪ್ಪತ್ತರ ತನಕ ಸಮಸಮ. ಗ್ರಾಂಡ್‌ಮಾಸ್ಟರ್ ಎರಡು ಸಲ ತಲೆಯೆತ್ತಿ ಅಂದಾನಪ್ಪನ ಮುಖ ನೋಡಿದನಂತೆ, ಯಾರಪ್ಪ ಇವನು ಎಂಬಂತೆ. ಇಪ್ಪತ್ತಾರರಲ್ಲಿ ಕರಿಯ ಪ್ಯಾದೆಯೊಂದು ಎಫ್ ಮೂರಕ್ಕೆ ಬಂದು ಬಿಳಿ ರಾಜನ ಹೊಸ್ತಿಲಲ್ಲೇ ಕೂತಿತು. ಅಂದಾನಪ್ಪ ಹೆದರಲಿಲ್ಲ. ಆ ಕಡೆ ಅವನ ಕುದುರೆ ಹೊರಟಿತ್ತು. ಮೂವತ್ತೆರಡನೆಯ ನಡೆಗೆ ಅದು ಕರಿಯ ಆನೆಯ ಮೇಲೆ ಕಣ್ಣಿಟ್ಟಿತು, ಮೂವತ್ಮೂರಕ್ಕೆ ಆನೆಯನ್ನು ತಿಂದೇಬಿಟ್ಟಿತು. ಗಣಪತಸಾ ಕರಿಯ ಆನೆಯನ್ನು ಮೊಳೆಯಿಂದ ಬಿಡಿಸಿದಾಗ ಜನ ಚಪ್ಪಾಳೆ ಹೊಡೆದರು. ಇಟಗಿ ಮಾಸ್ತರು ಉಶ್ ಎಂದು ಗದರಿದರು.

ಅಂದಾನಪ್ಪ ಗಡಿಯಾರ ಒತ್ತಿ ನನ್ನ ಮುಂದೆ ಬಂದು ನಿಂತ. ನಿಂತವನ ಮುಖ ಬಿಳಿಚಿಕೊಂಡಿತು. ತಿನ್ನುವ ಭರದಲ್ಲಿ ಒಂದನ್ನು ಮರೆತಿದ್ದ. ಕರಿಯ ಮಂತ್ರಿ ಡಿ ಏಳರಲ್ಲಿತ್ತು. ಅಲ್ಲಿಂದ ಓರೆಯಾಗಿ ಎಚ್ ಮೂರರ ತನಕ ದಾರಿ ಪೂರ್ತಿ ಖಾಲಿ. ಮಂತ್ರಿ ಅಲ್ಲಿಗೆ ಬಂದು ಕೂತರೆ, ಆ ಹೊಸ್ತಿಲಿನ ಪ್ಯಾದೆಯ ಬೆಂಬಲದಿಂದ ಮುಂದಿನ ನಡೆಗೆ ರಾಜ ಸತ್ತ. ಒಂದೇ ನಡೆಯಲ್ಲಿ ಅದನ್ನು ತಡೆಯಬಲ್ಲ ಬಿಳಿ ಕಾಯಿ ಒಂದೂ ಇರಲಿಲ್ಲ. "ಮಂತ್ರಿ ಎಚ್ ಮೂರಕ್ಕ ಬಂದ್ರ ನಾ ಸತ್ತೆ" ಎಂದು ಅಂದಾನಪ್ಪ ತನ್ನಷ್ಟಕ್ಕೆ ಗೊಣಗಿದ. ಆ ಮಾತು ಪಕ್ಕದಲ್ಲಿದ್ದ ಗಣಪತಸಾನ ಕಿವಿಗೆ ಬಿತ್ತು. ಅವನ ಕಣ್ಣು ನನ್ನ ಎಚ್ ಮೂರರ ಖಾಲಿ ಮೊಳೆಗೇ ಅಂಟಿಕೊಂಡಿತು.

ಗ್ರಾಂಡ್‌ಮಾಸ್ಟರನ ಗಡಿಯಾರದಲ್ಲಿ ಎರಡೇ ನಿಮಿಷ ಉಳಿದಿತ್ತು, ಆಡಬೇಕಾದ ನಡೆ ಇನ್ನೂ ಎಂಟು. ಅವನು ಅವಸರದಲ್ಲಿ ಮಂತ್ರಿಯನ್ನು ಎತ್ತಿದ. ಎತ್ತಿ, ಎಚ್ ಮೂರರ ತನಕ ಹೋಗದೆ, ಒಂದು ಮನೆ ಹಿಂದೆ, ಜಿ ನಾಲ್ಕರಲ್ಲಿ ಇಟ್ಟುಬಿಟ್ಟ. ಏಕೆ ಇಟ್ಟನೋ ಅವನಿಗೇ ಗೊತ್ತು. ಮುಂದಿನ ನಡೆಗೆ ಹೋದರಾಯಿತು ಅಂದುಕೊಂಡನೇನೋ. ಆದರೆ ಆ ಒಂದು ನಡೆಯ ಬಿಡುವೇ ಅಂದಾನಪ್ಪನಿಗೆ ಬೇಕಾಗಿದ್ದದ್ದು. ರಾಜ ಮೂಲೆಗೆ ಸರಿಯುತ್ತಾನೆ, ಆಮೇಲೆ ಆನೆ ಅವನ ಜಾಗಕ್ಕೆ ಬಂದು ಕಾಯುತ್ತದೆ, ಕರಿಯ ದಾಳಿ ಅಲ್ಲಿಗೆ ಠುಸ್ಸ್. ಮೇಲೆ ಒಂದು ಆನೆಯ ಲಾಭ. ಗೆಲುವು ಅಂದಾನಪ್ಪನದೇ.

ಇಟಗಿ ಮಾಸ್ತರು ಚೀಟಿ ತಂದುಕೊಟ್ಟರು. ಅದರಲ್ಲಿ 'ಮಂತ್ರಿ, ಜಿ ನಾಲ್ಕು' ಎಂದು ಸ್ಪಷ್ಟವಾಗಿ ಬರೆದಿತ್ತು. ಗಣಪತಸಾ 'ಮಂತ್ರಿ' ಎಂಬಷ್ಟನ್ನೇ ಓದಿದ. ಮುಂದಿನದನ್ನು ಅವನ ಭಯ ಓದಿತು. ಡಿ ಏಳರಿಂದ ಮಂತ್ರಿಯನ್ನು ಬಿಡಿಸಿ, ನನ್ನ ಎಚ್ ಮೂರನೆಯ ಮೊಳೆಗೆ ಸಿಕ್ಕಿಸಿದ.

ನಾನು ಕಿರುಚಿದೆ. ಅಂದರೆ, ಕಿರುಚಬೇಕೆಂದುಕೊಂಡೆ. ಮರದ ಬಾಯಿಗೆ ಸದ್ದು ಎಲ್ಲಿಂದ ಬರಬೇಕು? ಆ ಮೊಳೆಯಾದರೂ ಸಡಿಲವಾಗಿ ಮಂತ್ರಿ ಕೆಳಗೆ ಬೀಳಬಾರದಿತ್ತೇ? ಮೌನೇಶ ಗಟ್ಟಿಯಾಗಿ ಹೊಡೆದಿದ್ದ.

ಅಂದಾನಪ್ಪ ಅದನ್ನು ನೋಡಿದ. ಅವನು ಯಾವುದಕ್ಕೆ ಹೆದರಿದ್ದನೋ ಅದೇ ಕಣ್ಣ ಮುಂದೆ ಬಂದಾಗ ಸಂಶಯ ಎಲ್ಲಿಂದ ಬರುತ್ತದೆ? ಹತ್ತು ನಿಮಿಷ ನನ್ನ ಮುಂದೆ ಅಲುಗಾಡದೆ ನಿಂತ. ಅವನ ಬೆನ್ನು, ಪಕ್ಕದಲ್ಲಿ ಗಣಪತಸಾನ ಎತ್ತರದ ಮೈ, ಎರಡೂ ಸೇರಿ ನನ್ನ ಆ ಕೆಳಗಿನ ಮೂಲೆಯನ್ನು ಜನರಿಗೆ ಕಾಣದಂತೆ ಮರೆಮಾಡಿದ್ದವು. ಒಂದೊಂದೇ ದಾರಿಯನ್ನು ಕಣ್ಣಿಂದ ನಡೆದು ನೋಡಿ, ಹಿಂದಿರುಗಿ ಬಂದ. ದಾರಿ ಇರಲಿಲ್ಲ, ಏಕೆಂದರೆ ನಾನು ತೋರಿಸುತ್ತಿದ್ದದ್ದು ಸತ್ತ ಆಟ. ಕೊನೆಗೆ ನಿಟ್ಟುಸಿರು ಬಿಟ್ಟು, ಅಂಗಿ ಜಗ್ಗಿ ಸರಿಮಾಡಿಕೊಂಡು ವೇದಿಕೆ ಹತ್ತಿದ. ಸೋತವನು ತಲೆ ತಗ್ಗಿಸಬಾರದು ಎಂಬುದು ಅವನೇ ಎಲ್ಲರಿಗೂ ಕಲಿಸಿದ ಪಾಠ. ಮೇಜಿನ ಕಡೆ ನೋಡದೆ ಎದುರಾಳಿಯ ಮುಖವನ್ನೇ ನೋಡುತ್ತಾ ಗಡಿಯಾರ ನಿಲ್ಲಿಸಿ ಕೈ ಚಾಚಿದ. ಗ್ರಾಂಡ್‌ಮಾಸ್ಟರ್ ಒಂದು ಕ್ಷಣ ಆ ಕೈಯನ್ನು ನೋಡಿದ. ತನ್ನ ತಪ್ಪು ಅವನಿಗೆ ಅಷ್ಟರಲ್ಲಿ ಗೊತ್ತಾಗಿತ್ತು. ಬೇಗ ಬೇಗ ಕೈ ಕುಲುಕಿ, ನಡೆ ಬರೆದ ಹಾಳೆಗೆ ಸಹಿ ಹಾಕಿ, ಕಾಯಿಗಳನ್ನೆಲ್ಲ ಮೊದಲಿನ ಜಾಗಕ್ಕೆ ಜೋಡಿಸಿಬಿಟ್ಟ.

ಜನ ಗೊಂದಲದಿಂದ ಎದ್ದು ವೇದಿಕೆಯ ಕಡೆ ನುಗ್ಗಿದರು. ಗಣಪತಸಾ ಆಗ ಕೈಯಲ್ಲಿದ್ದ ಚೀಟಿಯನ್ನು ಪೂರ್ತಿ ಓದಿದ. ಮತ್ತೆ ನನ್ನನ್ನು ನೋಡಿದ. ಮತ್ತೆ ಚೀಟಿ. ಅವನ ಬಾಯಿಂದ "ಅವ್ವಾ" ಎಂಬ ಒಂದು ಸದ್ದು ಬಂತು. ಸುತ್ತ ನೋಡಿದ. ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ. ಮಂತ್ರಿಯನ್ನು ಎಚ್ ಮೂರರಿಂದ ಎತ್ತಿ ಜಿ ನಾಲ್ಕಕ್ಕೆ ಸಿಕ್ಕಿಸಿದ.

ಅಷ್ಟೇ. ಇಡೀ ಕಥೆ ಇಷ್ಟೇ. ಮುಂದಿನದೆಲ್ಲ ಇದರ ಫಲ.

ಇಟಗಿ ಮಾಸ್ತರು ತಲೆ ಚಚ್ಚಿಕೊಂಡರು. "ಏನ ಮಾಡ್ದಿ ಅಂದಾನಪ್ಪಾ! ಗೆದ್ದ ಆಟ ಕೈಯಾರೆ ಬಿಟ್ಟ ಬಂದ್ಯಲ್ಲೋ!"

"ಎಲ್ಲಿ ಗೆದ್ದದ್ರಿ ಮಾಸ್ತರ? ಮಂತ್ರಿ ಎಚ್ ಮೂರಕ್ಕ ಬಂತಲ್ರಿ."

"ಯಾವ ಎಚ್ ಮೂರು? ಗೋಡಿ ನೋಡು, ಜಿ ನಾಲ್ಕು ಐತಿ. ಆ ಸಾಹೇಬನ ಹಾಳಿ ನೋಡು, ಅಲ್ಲೂ ಜಿ ನಾಲ್ಕ!"

ಅಂದಾನಪ್ಪ ನನ್ನ ಕಡೆ ತಿರುಗಿದ. ಆ ನೋಟವನ್ನು ನಾನು ಹೇಗೆ ಹೇಳಲಿ? ಮಂತ್ರಿ ಜಿ ನಾಲ್ಕರಲ್ಲಿ ನೇತಾಡುತ್ತಿತ್ತು, ಇನ್ನೂ ಸಣ್ಣಗೆ ಅಲುಗುತ್ತಿತ್ತು. ಅವನು ಎರಡೂ ಕಣ್ಣು ಉಜ್ಜಿಕೊಂಡ. ಆಮೇಲೆ ಗಣಪತಸಾನನ್ನು ಕೇಳಿದ.

"ಗಣಪ್ಯಾ, ಖರೆ ಹೇಳು. ನೀ ಎಲ್ಲಿ ಹಾಕಿದ್ದಿ?"

ನೂರು ಜನ ಗಣಪತಸಾನನ್ನು ನೋಡಿದರು.

"ಜಿ ನಾಲ್ಕಕ್ಕ ಹಾಕೇನಪಾ. ಅಲ್ಲೇ ಐತೆಲ್ಲ" ಎಂದ.

ಗೆಳೆಯನಿಗೆ ಕೆಟ್ಟದ್ದು ಮಾಡಬೇಕೆಂದು ಅವನು ಹಾಗೆ ಹೇಳಲಿಲ್ಲ. ಅದು ನನಗೆ ಗೊತ್ತು. ನಾಳೆ ಒಬ್ಬನೇ ಸಿಕ್ಕಾಗ ಹೇಳಿದರಾಯಿತು ಎಂದುಕೊಂಡಿದ್ದ. ಆದರೆ ಆ ನಾಳೆ ಬರುವಷ್ಟರಲ್ಲಿ ಊರಲ್ಲಿ ಮಾತು ಹಬ್ಬಿತ್ತು, ಬಿಳಿಯ ಸಾಹೇಬನನ್ನು ನೋಡಿ ಅಂದಾನಪ್ಪನ ಎದೆ ಒಡೆಯಿತು, ಹೆದರಿ ಎದ್ದು ಬಂದ ಎಂದು. ಮಂಡಳಿಯವರೇ ಬೀದಿಯಲ್ಲಿ ಅವನಿಗೆ "ಎಚ್ ಮೂರು ಬಂದ್ರು ನೋಡ್ರಿ" ಎನ್ನತೊಡಗಿದರು. ಈಗ ಹೇಳಿದರೆ ಆ ಕೆಸರೆಲ್ಲ ತನ್ನ ಮೇಲೆ. ಗಣಪತಸಾ ಒಂದು ವಾರ ಮುಂದೂಡಿದ. ಆಮೇಲೆ ಒಂದು ತಿಂಗಳು.

ಊರಿನ ನಗೆಯನ್ನು ಅಂದಾನಪ್ಪ ತಡೆದುಕೊಂಡ. ತಡೆಯಲಾಗದ್ದು ಬೇರೆ. ಇಲ್ಲದ ಮಂತ್ರಿಯನ್ನು ತನ್ನ ಕಣ್ಣು ಹತ್ತು ನಿಮಿಷ ನೋಡಿತಲ್ಲ! ಹುಬ್ಬಳ್ಳಿಗೆ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿಕೊಂಡು ಬಂದ. "ಕಣ್ಣ ಚೊಲೋ ಅದಾವಂತ ಗಣಪ್ಯಾ" ಎಂದು ನನ್ನ ಮುಂದೆಯೇ ಹೇಳಿದ. "ಹಂಗಾರ ತಲಿನ ಕೆಟ್ಟೈತಿ." ಕೆಳಗೆ ಗಿರಾಕಿಗಳ ಹೊಲಿಗೆ ಕೆಲಸ ಬೇಕಾದಷ್ಟಿದ್ದರೂ ಗಣಪತಸಾ ಆ ದಿನ ಅಟ್ಟದಿಂದ ಇಳಿಯಲೇ ಇಲ್ಲ. ಹೇಳು, ಈಗಲಾದರೂ ಹೇಳು ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಅವನು ಚಹಾ ತರಿಸಿದ.

ಮುದ್ರಣಾಲಯದಲ್ಲಿ ಅಂದಾನಪ್ಪ ಒಂದು ಸಾಲು ಜೋಡಿಸಿ ಮೂರು ಸಲ ಓದತೊಡಗಿದ. ಪಕ್ಕದವನನ್ನು ಕರೆದು, "ಇದು 'ಕ' ಹೌದಲ್ಲೋ?" ಎಂದು ಕೇಳುವ ಮಟ್ಟಕ್ಕೆ ಬಂತು. ದಿನಕ್ಕೆ ನಾಲ್ಕು ಪುಟ ಮುಗಿಸುತ್ತಿದ್ದವನು ಒಂದಕ್ಕೆ ಇಳಿದ. ವರ್ಷ ತುಂಬುವುದರೊಳಗೆ ಅವನನ್ನು ಅಚ್ಚುಮೊಳೆಯ ಕೆಲಸದಿಂದ ತೆಗೆದು ಹಾಳೆ ಮಡಿಚುವ ಕಡೆ ಕೂರಿಸಿದರು. ಹಾಳೆ ಮಡಿಚಲು ಕಣ್ಣು ಬೇಕಿಲ್ಲ. ಅದನ್ನು ಅವನೇ ನಗುತ್ತಾ ಹೇಳಿದ, ನನಗೆ ಮಾತ್ರ ಅಳು ಬಂತು.

ಅವನು ಮತ್ತೆ ಯಾವ ಪಂದ್ಯದಲ್ಲೂ ಆಡಲಿಲ್ಲ. ಭಾನುವಾರಗಳನ್ನು ಬಿಡಲಿಲ್ಲ. ಆದರೆ ಮೊದಲಿನ ಅಂದಾನಪ್ಪ ಅಲ್ಲ. ನನ್ನ ಮುಂದೆ ನಿಂತು, "ನನಗ ಹಿಂಗ ಕಾಣಾಕತ್ತೈತಿ. ನಿಮಗೂ ಹಂಗ ಕಾಣತೈತೇನ್ರಿ?" ಎಂದು ಎಲ್ಲರನ್ನೂ ಕೇಳುವನು. ಎಲ್ಲರೂ ಎದ್ದು ಹೋದ ಮೇಲೆ ತನ್ನ ಆಟವನ್ನು ಮೊದಲಿನಿಂದ ಒಂದೊಂದೇ ನಡೆಯಾಗಿ ಸಿಕ್ಕಿಸುವನು. ಮೂವತ್ಮೂರಕ್ಕೆ ಬರುವನು. ಮಂತ್ರಿಯನ್ನು ಜಿ ನಾಲ್ಕಕ್ಕೆ ಹಾಕಿ, ದೂರ ನಿಂತು ನೋಡುವನು. ಹತ್ತಿರ ಬಂದು ನೋಡುವನು. ಒಂದು ಕಣ್ಣು ಮುಚ್ಚಿ, ಇನ್ನೊಂದು ಮುಚ್ಚಿ ನೋಡುವನು. ಯಾವ ಮೂಲೆಯಿಂದ ನೋಡಿದರೆ ಅದು ಎಚ್ ಮೂರರಂತೆ ಕಾಣುತ್ತದೆ ಎಂದು ಹುಡುಕುವನು. ದೊಡ್ಡವರ ಆಟದಲ್ಲಿ ಒಂದು ನಡೆಯ ಕಾರಣವನ್ನು ಅರ್ಧ ಗಂಟೆಯಲ್ಲಿ ಕಂಡುಹಿಡಿದವನು ತನ್ನ ಆಟದ ಈ ಒಂದು ನಡೆಯನ್ನು ವರ್ಷಗಟ್ಟಲೆ ನೋಡಿದ.

ಒಮ್ಮೆ ಅವನು ಹೋದ ಮೇಲೆ ಗಣಪತಸಾ ಒಬ್ಬನೇ ಬಂದು ನನ್ನ ಮುಂದೆ ನಿಂತ. "ನೀ ಯಾರಿಗೂ ಹೇಳಬ್ಯಾಡ" ಎಂದ. ಹಲಗೆಗೆ ಹೇಳುವ ಮಾತೇ ಅದು? ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಅವನ ಕಣ್ಣಲ್ಲಿ ನೀರು ನೋಡಿ ಆ ಸಿಟ್ಟು ಎಲ್ಲಿ ಹೋಯಿತೋ. ಬೈಯಬೇಕೆಂದರೂ ಆಗದಂಥ ಮನುಷ್ಯ ಅವನು.

ಕಾಲ ನಿಲ್ಲಲಿಲ್ಲ. ಇಟಗಿ ಮಾಸ್ತರು ತೀರಿಕೊಂಡರು. ಚದುರಂಗ ಮೊದಲು ಟಿ.ವಿ. ಪಾಲಾಯಿತು, ಆಮೇಲೆ ಮೊಬೈಲ್ ಪಾಲಾಯಿತು. ಮಂಡಳಿಯ ಅಟ್ಟದಲ್ಲಿ ರೆಡಿಮೇಡ್ ಬಟ್ಟೆಯ ಗಂಟುಗಳು ಬಂದು ಕೂತವು. ಸೀಸದ ಅಕ್ಷರಗಳೂ ಊರಿಂದ ಮಾಯವಾದವು. ನನ್ನನ್ನು ಅಂದಾನಪ್ಪ ತನ್ನ ಮನೆಗೆ ಒಯ್ದು, ಹಾಸಿಗೆಯ ಎದುರಿನ ಗೋಡೆಗೆ ನೇತುಹಾಕಿಕೊಂಡ. ಅವನ ಹೆಂಡತಿ ಚೆನ್ನವ್ವ, "ಇದರ ಬದ್ಲಿ ಒಂದ ಕ್ಯಾಲೆಂಡರ್ ಹಾಕಿದ್ರ ತಾರೀಕರ ತಿಳೀತಿತ್ತು" ಎಂದು ಗೊಣಗಿದಳು, ಆದರೆ ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ನನ್ನ ಮೈ ಒರೆಸುತ್ತಿದ್ದದ್ದೂ ಅವಳೇ. ಭಾನುವಾರ ಗಣಪತಸಾ ಬರುವನು. ಇಬ್ಬರೇ ಮುದುಕರು, ಒಂದು ಆಟ, ಎರಡು ಲೋಟ ಚಹಾ.

ಆಮೇಲೆ ಅಂದಾನಪ್ಪನ ಹೊಟ್ಟೆಯಲ್ಲಿ ಗಡ್ಡೆ ಬೆಳೆಯಿತು. ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದರು. ಹಾಗೆಂದರೆ ಏನರ್ಥ ಎಂದು ಎಲ್ಲರಿಗೂ ತಿಳಿಯಿತು, ಅವನಿಗೂ.

ಆ ಭಾನುವಾರ ಗಣಪತಸಾ ಬಂದವನು ಚಹಾ ಮುಟ್ಟಲಿಲ್ಲ. ಹಾಸಿಗೆಯ ಪಕ್ಕದಲ್ಲಿ ಕೂತು ಗೆಳೆಯನ ಕೈ ಹಿಡಿದುಕೊಂಡ. ಇಪ್ಪತ್ತೈದು ವರ್ಷ ಕಾದವನು ನಾನು, ನನ್ನ ಮೈಯೆಲ್ಲ ಕಿವಿಯಾಯಿತು.

"ಅಂದಾನಿ, ಅವತ್ತ ಮಂತ್ರಿನ್ನ ನಾ ಎಚ್ ಮೂರಕ್ಕ ಹಾಕಿದ್ದೆ" ಎಂದ ಗಣಪತಸಾ. "ಚೀಟಿ ಪೂರಾ ಓದಲಿಲ್ಲ. ನೀ ಕಂಡದ್ದು ಖರೆನ ಇತ್ತು. ಮಂದಿ ಎದ್ದ ಓಡಿದಾಗ ಎತ್ತಿ ಜಿ ನಾಲ್ಕಕ್ಕ ಹಾಕಿದೆ. ನೀ ಕೇಳಿದಿ, ನಾ ಸುಳ್ಳ ಹೇಳಿದೆ."

ಅಂದಾನಪ್ಪ ಅವನ ಕಡೆ ತಲೆ ಹೊರಳಿಸಿದ. ಗೆಳೆಯನ ಮುಖವನ್ನೇ ನೋಡಿದ. ಅವನ ಒಣಗಿದ ತುಟಿಯ ಮೇಲೆ ಮೆಲ್ಲಗೆ ಒಂದು ನಗು ಮೂಡಿತು. ಅಬ್ಬಾ, ಮುಗಿಯಿತು, ಅವನಿಗೆ ಅವನ ಕಣ್ಣು ವಾಪಸ್ ಸಿಕ್ಕಿತು ಎಂದುಕೊಂಡೆ ನಾನು.

"ಎಷ್ಟ ದಿನದಿಂದ ಕೂತ ಇದನ್ನ ಹೊಲದಿ ಗಣಪ್ಯಾ?" ಎಂದ ಅಂದಾನಪ್ಪ.

"ಹೊಲದದ್ದಲ್ಲೋ! ನನ್ನ ಮಕ್ಕಳ ಆಣಿ."

"ಮಕ್ಕಳ ಆಣಿ ಹಾಕಬಾರದಪಾ, ಬಿಡು. ಸಾಯಾವಗ ಸಮಾಧಾನ ಆಗಲಿ ಅಂತ ಬಂದಿ, ನನಗ ತಿಳೀತು."

"ಅಲ್ಲೋ ಅಂದಾನಿ, ಕೇಳಿಲ್ಲೆ..."

"ನೂರ ಮಂದಿ ಮುಂದ ನಾ ನಿನ್ನ ಕೇಳಿದ್ದೆ. ನೀ ಹೇಳಿದ್ದಿ. ನೀ ನನಗ ಸುಳ್ಳ ಹೇಳಾಂವ ಅಲ್ಲ. ಇವತ್ತ ಮೊದಲನೇ ಸಲ ಹೇಳಾಕತ್ತಿ, ಅದೂ ನನ್ನ ಸಲುವಾಗಿ." ಅವನಿಗೆ ಉಸಿರು ಸಾಲಲಿಲ್ಲ. ಸ್ವಲ್ಪ ಸುಧಾರಿಸಿಕೊಂಡು, ಗೆಳೆಯನ ಕೈಯನ್ನು ಎರಡು ಸಲ ತಟ್ಟಿದ. "ಇಷ್ಟರ ಮಾಡಾವ್ರು ಯಾರಿಗಿ ಸಿಗ್ತಾರ ಹೇಳು?"

ಗಣಪತಸಾ ಎದ್ದು ನಿಂತ. ಅವನ ಧ್ವನಿ ಒಡೆದು ಹೋಯಿತು. "ನಂಬೋ ಮಾರಾಯಾ! ಈ ಹಲಗಿನ್ನ ಕೇಳು! ಇದರ ಮುಂದ ಮಾಡೇನಿ, ಇದನ್ನ ಕೇಳು!" ಎಂದು ನನ್ನ ಮೇಲೆ ಅಂಗೈಯಿಂದ ಬಡಿದ. ನಾಲ್ಕು ಕಾಯಿ ಉದುರಿ ಬಿದ್ದವು.

ಅಂದಾನಪ್ಪ ನನ್ನನ್ನು ನೋಡಿದ. ನೋಡಿ, ಸಣ್ಣಗೆ ನಕ್ಕ. ಚೆನ್ನವ್ವ ಅಡುಗೆ ಮನೆಯಿಂದ ಓಡಿ ಬಂದು ಗಣಪತಸಾನನ್ನು ಹೊರಗೆ ಕರೆದೊಯ್ದಳು. "ಸಾಕ್ರಿ ಅಣ್ಣಾರ. ನೀವು ಅಂದದ್ರಿಂದ ಅವ್ರಿಗೆ ಎಷ್ಟ ಸಮಾಧಾನ ಆಗೇತಿ ನೋಡ್ರಿ. ಇನ್ನ ಅಳಬ್ಯಾಡ್ರಿ" ಎಂದು ಅವಳು ಹೇಳುವುದು ಕೇಳಿಸಿತು. ಅವಳೂ ನಂಬಿರಲಿಲ್ಲ.

ಅಂದಾನಪ್ಪ ಇನ್ನೂ ಒಂಬತ್ತು ದಿನ ಇದ್ದ. ಮಾತು ನಿಂತಿತ್ತು, ಕಣ್ಣು ತೆರೆದೇ ಇರುತ್ತಿತ್ತು. ನನ್ನ ಕಡೆ ನೋಡುವನು, ಆಮೇಲೆ ಆ ಕಣ್ಣುಗಳನ್ನು ಮುಚ್ಚಿಕೊಳ್ಳುವನು. ಹತ್ತನೆಯ ದಿನ ಬೆಳಿಗ್ಗೆ ಚೆನ್ನವ್ವ ಕೂಗಿಕೊಂಡಳು. ಗಣಪತಸಾ ಹೆಣದ ಪಕ್ಕದಲ್ಲಿ ಕೂತಿದ್ದ, ಅಳಲಿಲ್ಲ. ಬಂದವರೆಲ್ಲ ಅವನ ಬೆನ್ನು ಸವರಿ, ಎಂಥಾ ಗೆಳೆತನ ಎಂದು ಹೊಗಳಿ ಹೋದರು. ಅದಕ್ಕಿಂತ ದೊಡ್ಡ ಶಿಕ್ಷೆಯನ್ನು ನಾನು ನೋಡಿಲ್ಲ.

ದಿನಕರ್ಮ ಮುಗಿದ ಮೇಲೆ ಚೆನ್ನವ್ವ ನನ್ನನ್ನು ಗಣಪತಸಾನಿಗೆ ಕೊಡಲು ಹೋದಳು. ಅವನು ಬಾಗಿಲಲ್ಲೇ ಕೈ ಮುಗಿದು ಬೇಡವೆಂದ. ಹೀಗೆ ನಾನು ಗುಜರಿ ಅಂಗಡಿಗೆ ಬಂದೆ. ತಗಡಿನ ಕಾಯಿಗಳು ಬೇರೆ ತಗಡಿನ ಜೊತೆ ಯಾವುದೋ ಲಾರಿ ಹತ್ತಿ ಹೋದವು. ಮೊಳೆಗಳನ್ನು ಕಿತ್ತುಕೊಂಡರು. ಈಗ ನನ್ನನ್ನು ನೀರಿನ ಡ್ರಮ್ಮಿನ ಮೇಲೆ ಮುಚ್ಚಳವಾಗಿ ಹಾಕಿದ್ದಾರೆ. ಬಿಸಿಲಿಗೆ ಬಣ್ಣ ಎದ್ದಿದೆ, ಜೋಡಣೆ ಬಿಡುತ್ತಿದೆ. ಮೇಲೆ ಒಂದು ನಾಯಿ ಬಂದು ಮಲಗುತ್ತದೆ. ಮಲಗಲಿ, ಪಾಪ.

ಕೂತು ಯೋಚಿಸಲು ಬೇಕಾದಷ್ಟು ಸಮಯವಿದೆ. ಸಾವಿರಾರು ಆಟಗಳನ್ನು ನಾನು ತೋರಿಸಿದೆ, ಒಂದೊಂದು ನಡೆಯನ್ನೂ ಇದ್ದದ್ದು ಇದ್ದ ಹಾಗೆ ತೋರಿಸಿದೆ. ಹತ್ತೇ ನಿಮಿಷ ಸುಳ್ಳು ತೋರಿಸಿದೆ. ಅಷ್ಟು ಹೊತ್ತು ನನ್ನನ್ನು ನಂಬಿ ನಿಂತವನು ಒಬ್ಬನೇ, ಅವನು ಅಂದಾನಪ್ಪ. ಗಣಪತಸಾನನ್ನು ಬೈಯಬೇಕೆಂದರೆ ಬೈಯಿರಿ, ಆದರೆ ಅವನಿಗೆ ಕೊನೆಗೆ ಬಾಯಿ ಬಂತು. ನನಗೆ ಇಂದು ಬರುತ್ತಿದೆ, ಕೇಳಬೇಕಾದವನು ಇಲ್ಲದ ಮೇಲೆ.

ನೀವಾದರೂ ಕೇಳಿಸಿಕೊಳ್ಳಿ. ಅಂದಾನಪ್ಪ ಹೊಂಬಳನ ಕಣ್ಣು ಸರಿಯಾಗಿತ್ತು. ತಲೆಯೂ ಸರಿಯಾಗಿತ್ತು. ಅವನು ನೋಡಿದಾಗ ಮಂತ್ರಿ ಎಚ್ ಮೂರರಲ್ಲೇ ಇತ್ತು.